ಸಕ್ಕರೆ ಕಾಯಿಲೆಯ ಬೆಕ್ಕು: ಬಟ್ಟಲಿನಿಂದ ಸಿರಿಂಜಿನವರೆಗೆ

ನನ್ನ ಕ್ಲಿನಿಕ್ಕಿಗೆ ಬರುವ ಸಕ್ಕರೆ ಕಾಯಿಲೆಯ ಬೆಕ್ಕುಗಳ ಚಹರೆ ಬಹುಮಟ್ಟಿಗೆ ಒಂದೇ. ವಯಸ್ಸು ಎಂಟು ದಾಟಿದೆ, ಗಂಡು, ಸಂತಾನಹರಣ ಆಗಿದೆ, ಅಪಾರ್ಟ್‌ಮೆಂಟಿನ ಹೊಸಿಲು ದಾಟದೆ ಬೆಳೆದಿದೆ. ಒಂದು ಕಾಲಕ್ಕೆ ಆರೇಳು ಕೆ.ಜಿ. ತೂಗುತ್ತಿದ್ದದ್ದು ಈಗ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದಿದೆ. ತಿನ್ನುವುದು ಮಾತ್ರ ಮೊದಲಿಗಿಂತ ಹೆಚ್ಚು. ನೀರು ವಿಪರೀತ ಕುಡಿಯುತ್ತದೆ, ಲಿಟರ್ ಟ್ರೇಯ ಮರಳು ದೊಡ್ಡ ದೊಡ್ಡ ಮುದ್ದೆಗಟ್ಟುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯುತ್ತವೆ. ನರಗಳಿಗೆ ಸಕ್ಕರೆಯ ಪೆಟ್ಟು ಬಿದ್ದಿರುವ ಗುರುತು ಅದು.

"ಬೆಕ್ಕಿಗೂ ಶುಗರ್ ಬರುತ್ತಾ ಡಾಕ್ಟ್ರೇ?" ಎಂದು ಮನೆಯವರು ಕೇಳುತ್ತಾರೆ. ಬರುತ್ತದೆ. ನಮ್ಮ ಮನೆಗಳ ಹಿರಿಯರಲ್ಲಿ ಕಾಣುವ ಎರಡನೇ ಬಗೆಯ ಮಧುಮೇಹವನ್ನೇ ಹೋಲುತ್ತದೆ: ಇನ್ಸುಲಿನ್‌ಗೆ ಮೈ ಓಗೊಡುವುದಿಲ್ಲ, ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿ ದಣಿಯುತ್ತ ಬರುತ್ತದೆ. ಆದರೆ ಬೆಕ್ಕಿನ ವಿಷಯದಲ್ಲಿ ಒಂದು ಭರವಸೆ ಇದೆ. ಬೇಗ, ಸರಿಯಾಗಿ ಶುರುಮಾಡಿದರೆ ಹಲವು ಬೆಕ್ಕುಗಳು ಕೆಲವು ತಿಂಗಳಲ್ಲಿ ಇನ್ಸುಲಿನ್ ಇಲ್ಲದೆಯೇ ಆರಾಮಾಗಿರುವ ಸ್ಥಿತಿಗೆ ಮರಳುತ್ತವೆ. ನಾಯಿಗಳಲ್ಲಿ ಇದು ಬಲು ಅಪರೂಪ. ಈ ಅವಕಾಶ ಯಾವ ಬೆಕ್ಕಿಗೂ ತಪ್ಪಬಾರದು ಎಂಬ ಆಸೆಯಿಂದ, ವೃತ್ತಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಬೆಕ್ಕಿನ ಒಡಲು ಅನ್ನಕ್ಕೆ ಒಗ್ಗಿದ್ದಲ್ಲ

ಬೆಕ್ಕಿನ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಇಲ್ಲ. ಊಟವಾದ ಮೇಲೆ ನುಗ್ಗುವ ಸಕ್ಕರೆಯನ್ನು ತಟ್ಟನೆ ಹಿಡಿದಿಡುವ ಗ್ಲುಕೋಕೈನೇಸ್ ಎಂಬ ಕಿಣ್ವ ಅದರ ಯಕೃತ್ತಿನಲ್ಲಿ ಹೆಸರಿಗಷ್ಟೇ. ತನಗೆ ಬೇಕಾದ ಗ್ಲುಕೋಸನ್ನು ಬೆಕ್ಕಿನ ಯಕೃತ್ತು ಮಾಂಸದ ಪ್ರೋಟೀನಿನಿಂದ ಹಗಲೂ ರಾತ್ರಿ ತಾನೇ ತಯಾರಿಸಿಕೊಳ್ಳುತ್ತದೆ. ಇಂಥ ಪ್ರಾಣಿಗೆ ನಾವು ಹಾಲನ್ನ, ಮೊಸರನ್ನ, ಬಿಸ್ಕತ್ತು, ಬ್ರೆಡ್ಡು ಹಾಕುತ್ತೇವೆ. ಅದು ಇಷ್ಟಪಟ್ಟೇ ತಿನ್ನುತ್ತದೆ, ನಿಜ. ಆದರೆ ಆರೋಗ್ಯವಂತ ಬೆಕ್ಕು ಹೇಗೋ ಸಂಭಾಳಿಸುವುದನ್ನು ಸಕ್ಕರೆ ಕಾಯಿಲೆಯ ಬೆಕ್ಕು ಸಂಭಾಳಿಸಲಾರದು.

"ನಾವು ಅನ್ನ ಹಾಕೋದೇ ಇಲ್ಲ ಡಾಕ್ಟ್ರೇ, ಒಳ್ಳೆ ಕಂಪನಿ ಫುಡ್ಡೇ ಹಾಕೋದು" ಎನ್ನುವವರಿಗೆ ನಾನು ಚೀಲದ ಹಿಂಬದಿ ತೋರಿಸುತ್ತೇನೆ. ಅಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಕೆಲವೊಮ್ಮೆ ಬೂದಿ ಎಂದು ಬರೆದಿರುತ್ತದೆ. ಕಾರ್ಬೊಹೈಡ್ರೇಟ್ ಎಷ್ಟು ಎಂದು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು. ಒಂದು ಒಣ ಆಹಾರದಲ್ಲಿ ಪ್ರೋಟೀನ್ 30, ಕೊಬ್ಬು 10, ನಾರು 4, ತೇವ 10, ಬೂದಿ 8 ಎಂದಿದೆ ಎನ್ನಿ. ಒಟ್ಟು 62. ನೂರರಲ್ಲಿ ಉಳಿದ 38 ಕಾರ್ಬೊಹೈಡ್ರೇಟ್. ಪ್ರೋಟೀನನ್ನೂ ಕಾರ್ಬೊಹೈಡ್ರೇಟನ್ನೂ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿದರೆ ಕ್ಯಾಲೊರಿ ಸಿಗುತ್ತದೆ: 105, 133, 85. ಅಂದರೆ 323 ಕ್ಯಾಲೊರಿಯಲ್ಲಿ 133, ಶೇ. 41ರಷ್ಟು, ಪಿಷ್ಟದಿಂದಲೇ ಬರುತ್ತಿದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ನಾನು ಬಯಸುವುದು ಶೇ. 12ಕ್ಕಿಂತ ಕಡಿಮೆ. ಒಣ ಆಹಾರವನ್ನು ಕಾಳಿನ ರೂಪಕ್ಕೆ ತರುವುದಕ್ಕೇ ಪಿಷ್ಟ ಬೇಕು, ಹಾಗಾಗಿ ಆ ಮಿತಿಯೊಳಗಿನ ಒಣ ಆಹಾರ ಸಿಗುವುದು ಕಷ್ಟ. ಡಬ್ಬಿಯಲ್ಲಿ, ಪೌಚಿನಲ್ಲಿ ಬರುವ ಮಾಂಸದ ಮುದ್ದೆಯಂಥ ವೆಟ್ ಫುಡ್ ಹೆಚ್ಚಾಗಿ ಈ ಲೆಕ್ಕದಲ್ಲಿ ಪಾಸಾಗುತ್ತದೆ. ಗ್ರೇವಿ ಇರುವ ಪೌಚುಗಳನ್ನು ಮಾತ್ರ ಲೆಕ್ಕ ಹಾಕಿಯೇ ಕೊಳ್ಳಿ; ಗ್ರೇವಿ ಗಟ್ಟಿಯಾಗಲು ಹಿಟ್ಟು ಬೆರೆಸಿರುವುದುಂಟು.

ಇದಕ್ಕೆ ಪುರಾವೆಯೂ ಇದೆ. 2006ರಲ್ಲಿ ಅಮೆರಿಕದಲ್ಲಿ 63 ಬೆಕ್ಕುಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಪಿಷ್ಟ ಕಡಿಮೆ ಇರುವ ಡಬ್ಬಿ ಆಹಾರ ತಿಂದವುಗಳಲ್ಲಿ ಶೇ. 68ರಷ್ಟು ನಾಲ್ಕು ತಿಂಗಳಲ್ಲಿ ಇನ್ಸುಲಿನ್‌ನಿಂದ ಹೊರಬಂದವು. ಪಿಷ್ಟ ಸಾಧಾರಣವಾಗಿದ್ದು ನಾರು ಹೆಚ್ಚಿದ್ದ ಆಹಾರದ ಗುಂಪಿನಲ್ಲಿ ಹಾಗೆ ಬಂದದ್ದು ಶೇ. 41. ಮನುಷ್ಯರ ಶುಗರ್‌ಗೆ ನಾರು ಒಳ್ಳೆಯದೆಂದು ಬೆಕ್ಕಿಗೂ ಓಟ್ಸ್, ರಾಗಿ ಬೆರೆಸುವವರು ಇದನ್ನು ಗಮನಿಸಬೇಕು.

ಸಸ್ಯಾಹಾರಿ ಮನೆಗಳಲ್ಲಿ ಈ ಮಾತು ಆಡುವಾಗ ನಾನು ನಿಧಾನಿಸುತ್ತೇನೆ. ಮಡಿ ಇರುವ ಅಡುಗೆಮನೆಗೆ ಕೋಳಿ ತನ್ನಿ ಎನ್ನುವುದು ಸುಲಭದ ಮಾತಲ್ಲ. ಆದರೆ ಬೆಕ್ಕಿಗೆ ಟೌರಿನ್ ಎಂಬ ಪೋಷಕಾಂಶ ಬೇಕೇ ಬೇಕು, ಅದು ಗಿಡಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟೌರಿನ್ ಕೊರತೆಯಿಂದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತದೆ ಎಂಬುದು 1987ರಲ್ಲೇ ಸಾಬೀತಾಗಿದೆ. ಕಣ್ಣೂ ಹೋಗುತ್ತದೆ. ಬೇಯಿಸುವ ಅಗತ್ಯವಿಲ್ಲದ ಪೌಚು, ಬಾಲ್ಕನಿಯಲ್ಲೊಂದು ಬೇರೆ ತಟ್ಟೆ, ತೊಳೆಯಲು ಬೇರೆ ಬ್ರಷ್ಷು, ಇಷ್ಟಕ್ಕೆ ಒಪ್ಪಿಕೊಂಡ ಅಜ್ಜಿಯರನ್ನು ನಾನು ಬಲ್ಲೆ. "ಅದರ ಹುಟ್ಟು ಹಾಗೆ, ಅದಕ್ಯಾಕೆ ನಮ್ಮ ನೇಮ" ಎಂದ ಬಸವನಗುಡಿಯ ಅಜ್ಜಿಯೊಬ್ಬರ ಮೇಲೆ ನನಗೆ ತುಂಬ ಗೌರವ.

ಮಾಂಸ ಬೇಯಿಸುವ ಮನೆಯವರಿಗೂ ಒಂದು ಮಾತು. ಬರೀ ಕೋಳಿ ಎದೆಯ ಮಾಂಸ ಪೂರ್ಣ ಆಹಾರವಲ್ಲ. ಅದರಲ್ಲಿ ಸುಣ್ಣದ ಅಂಶ ತೀರಾ ಕಡಿಮೆ, ಟೌರಿನ್ನೂ ಕಡಿಮೆ. ಬೇಯಿಸಿದ ನೀರನ್ನು ಚೆಲ್ಲಿದರೆ ಇದ್ದ ಟೌರಿನ್ನೂ ಅದರ ಜೊತೆ ಹೋಗುತ್ತದೆ. ದಿನವೂ ಬರೀ ಬೂತಾಯಿ, ಬಂಗುಡೆ ಕೊಡುವುದೂ ಸರಿಯಲ್ಲ. ಸಾರಿನಲ್ಲಿ ಬೆಂದ ತುಂಡಂತೂ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯೂಟವೇ ಕೊಡುವುದಾದರೆ ಪಶುವೈದ್ಯರಿಂದ ಪಟ್ಟಿ ಬರೆಸಿಕೊಂಡು, ಅವರು ಹೇಳಿದ ಪೂರಕಗಳನ್ನು ಸೇರಿಸಿಯೇ ಕೊಡಿ.

2. ಕ್ಲಿನಿಕ್ಕಿನ ಒಂದೇ ಅಂಕಿಯ ಮೇಲೆ ಕಾಯಿಲೆ ತೀರ್ಮಾನಿಸುವುದಿಲ್ಲ

ಬುಟ್ಟಿಯೊಳಗೆ ಆಟೋದಲ್ಲಿ ಬಂದು, ನಾಯಿಗಳ ಬೊಗಳಾಟದ ನಡುವೆ ಕೂತು, ಅಪರಿಚಿತರ ಕೈಗೆ ಸಿಕ್ಕ ಬೆಕ್ಕಿನ ಶುಗರ್ ಭಯಕ್ಕೇ 300 ದಾಟಬಹುದು. ಹೆದರಿದ ಬೆಕ್ಕಿನ ಮೂತ್ರದಲ್ಲೂ ಸಕ್ಕರೆ ಕಾಣಿಸಬಹುದು. ಅದಕ್ಕೇ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತೇನೆ. ಹಿಂದಿನ ಒಂದೆರಡು ವಾರದ ಸರಾಸರಿ ಅದರಲ್ಲಿ ಸಿಗುತ್ತದೆ. ಜೊತೆಗೆ ಮನೆಯಲ್ಲೇ ಹಿಡಿದ ಮೂತ್ರ. ಇವೆರಡೂ ಮನೆಯವರು ಹೇಳುವ ಲಕ್ಷಣಗಳಿಗೆ ಹೊಂದಿಕೆಯಾದ ಮೇಲಷ್ಟೇ ಇನ್ಸುಲಿನ್ ಮಾತು.

3. ಊಟ ಬದಲಾದರೆ ಇನ್ಸುಲಿನ್ ಲೆಕ್ಕವೂ ಬದಲಾಗುತ್ತದೆ

ಈ ಬರಹದಲ್ಲಿ ಒಂದೇ ಪಾಠ ಓದುವಷ್ಟು ಹೊತ್ತು ನಿಮಗಿದ್ದರೆ ಇದನ್ನು ಓದಿ. ಒಣ ಆಹಾರದ ಮೇಲಿರುವ ಬೆಕ್ಕಿಗೆ ಹೊಂದುವ ಇನ್ಸುಲಿನ್ ಪ್ರಮಾಣ, ಪಿಷ್ಟ ಕಡಿಮೆಯಿರುವ ಊಟಕ್ಕೆ ಹೋದ ಬೆಕ್ಕಿಗೆ ಅತಿಯಾಗಬಹುದು. ಊಟ ಬದಲಾಯಿಸಿದ ಕೆಲವೇ ದಿನಗಳಲ್ಲಿ ಶುಗರ್ ಧುತ್ತನೆ ಇಳಿದ ಬೆಕ್ಕುಗಳಿವೆ. ಆದ್ದರಿಂದ ಈಗಾಗಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಬೆಕ್ಕಿನ ಊಟವನ್ನು ಯಾರದೋ ಮಾತು ಕೇಳಿ ನೀವೇ ಬದಲಾಯಿಸಬೇಡಿ. ವೈದ್ಯರಿಗೆ ಫೋನು ಮಾಡಿ, ದಿನ ಗೊತ್ತುಮಾಡಿ, ಆ ದಿನಗಳಲ್ಲಿ ಮನೆಯಲ್ಲಿ ಶುಗರ್ ನೋಡುತ್ತ ಬದಲಾಯಿಸಿ.

ಹೊಸದಾಗಿ ಪತ್ತೆಯಾದ ಬೆಕ್ಕಿಗೆ ಊಟವನ್ನು ಒಂದು ವಾರ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತೇನೆ. ಹಠ ಹಿಡಿಯುವ ಬೆಕ್ಕನ್ನು ಹಸಿವಿಗೆ ಕೆಡವಿ ದಾರಿಗೆ ತರುವ ಯೋಚನೆ ಮಾತ್ರ ಬೇಡ. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಕಾಮಾಲೆಯಾಗುತ್ತದೆ, ಅದು ಪ್ರಾಣಾಂತಿಕ. ತೂಕ ಇಳಿಸುವುದೂ ಹಾಗೆಯೇ: ವಾರಕ್ಕೆ ಮೈತೂಕದ ಶೇ. 1ರ ಆಸುಪಾಸು ಸಾಕು. ಆರು ಕೆ.ಜಿ.ಯ ಬೆಕ್ಕಿಗೆ ಅದು 60 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಊಟ ತೂಗುವ ಅಭ್ಯಾಸ ಮಾಡಿಕೊಂಡವರು ಇದನ್ನು ಸಾಧಿಸುತ್ತಾರೆ, ಅಂದಾಜಿಗೆ ಹಾಕುವವರಿಗೆ ಕಷ್ಟ.

4. ಸಿರಿಂಜಿನ ಮುಚ್ಚಳದ ಬಣ್ಣ ನೋಡದೆ ಔಷಧ ಎಳೆಯಬೇಡಿ

ಇದು ನಮ್ಮ ದೇಶದಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು. ಇಲ್ಲಿನ ಮೆಡಿಕಲ್ ಸ್ಟೋರುಗಳಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಸಿಗುತ್ತದೆ. ಮನುಷ್ಯರ ಸಾಮಾನ್ಯ ಇನ್ಸುಲಿನ್ ವಯಲುಗಳಲ್ಲಿ ಹೆಚ್ಚಿನವು ಒಂದು ಮಿ.ಲೀ.ಗೆ 40 ಯೂನಿಟ್. ಬೆಕ್ಕುಗಳಿಗೆ ನಾವು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಒಂದು ಮಿ.ಲೀ.ಗೆ 100 ಯೂನಿಟ್. ಲ್ಯಾಂಟಸ್ ಆಗಲಿ, ಬೆಂಗಳೂರಿನದೇ ಆದ ಬಯೋಕಾನ್‌ನ ಬೇಸಲಾಗ್ ಆಗಲಿ ಇದೇ ಗ್ಲಾರ್ಜಿನ್. ಪ್ರಾಣಿಗಳಿಗೆಂದೇ ಬರುವ ಕ್ಯಾನಿನ್ಸುಲಿನ್ ಮತ್ತೆ 40ರದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗ್ಲಾರ್ಜಿನ್ ಎಳೆದು "ಒಂದು ಯೂನಿಟ್" ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕೆ.ಜಿ.ಯ ಜೀವಕ್ಕೆ ಆ ವ್ಯತ್ಯಾಸ ಬಹಳ ದೊಡ್ಡದು. ಔಷಧ ಬದಲಾದಾಗ, ಅಂಗಡಿ ಬದಲಾದಾಗ, ಮನೆಯಲ್ಲಿ ಸೂಜಿ ಹಾಕುವವರು ಬದಲಾದಾಗ ವಯಲಿನ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಗಟ್ಟಿಯಾಗಿ ಓದಿ ಹೊಂದಿಸಿಕೊಳ್ಳಿ.

ಗೆರೆಗಳ ವಿಷಯವೂ ಇದೆ. ಒಂದು ಮಿ.ಲೀ.ಯ ಕಿತ್ತಳೆ ಸಿರಿಂಜಿನಲ್ಲಿ ಒಂದು ಗೆರೆ ಎಂದರೆ ಸಾಮಾನ್ಯವಾಗಿ ಎರಡು ಯೂನಿಟ್. ಬೆಕ್ಕಿಗೆ ನಾವು ಅರ್ಧ, ಒಂದು ಯೂನಿಟ್‌ಗಳಲ್ಲಿ ವ್ಯವಹರಿಸುತ್ತೇವೆ. ಅರ್ಧ ಯೂನಿಟ್ ಗೆರೆಯಿರುವ 0.3 ಮಿ.ಲೀ. ಸಿರಿಂಜೇ ಬೇಕು ಎಂದು ಕೇಳಿ, ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಗ್ಲಾರ್ಜಿನ್‌ಗೆ ನೀರೋ ಸಲೈನೋ ಬೆರೆಸಿ ತೆಳು ಮಾಡಿಕೊಳ್ಳುವಂತಿಲ್ಲ. ಅದು ಆಮ್ಲೀಯ ದ್ರಾವಣ, ಚರ್ಮದಡಿ ಹೋದ ಮೇಲೆ ಸೂಕ್ಷ್ಮ ಹರಳುಗಟ್ಟಿ ನಿಧಾನವಾಗಿ ಬಿಡುಗಡೆಯಾಗಬೇಕಾದದ್ದು, ಏನಾದರೂ ಬೆರೆಸಿದರೆ ಬಾಟಲಿಯಲ್ಲೇ ಕೆಡುತ್ತದೆ. ಫ್ರಿಜ್ಜಿನ ಬಾಗಿಲಲ್ಲಲ್ಲ, ಒಳಗಿನ ತಟ್ಟೆಯಲ್ಲಿಡಿ, ಫ್ರೀಜರಿಗೆ ತಾಗಬಾರದು. ಮಂಕಾಗಿ ಕಂಡರೆ ಎಸೆಯಿರಿ.

5. ಮೊದಲ ಆರು ತಿಂಗಳು

"ಸ್ವಲ್ಪ ದಿನ ನೋಡೋಣ" ಎನ್ನುವವರಿಗೆ ನಾನು ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. ಕಿರ್ಸ್ಟನ್ ರೂಂಪ್ ಮತ್ತು ಜಾಕ್ವಿ ರ್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿದ್ದವು. ಮನೆಯಲ್ಲೇ ಶುಗರ್ ನೋಡುತ್ತ, ಪಿಷ್ಟ ಕಡಿಮೆಯಿರುವ ಊಟದ ಜೊತೆ ಗ್ಲಾರ್ಜಿನ್ ಕೊಟ್ಟು ಬಿಗಿ ಹತೋಟಿಯಲ್ಲಿಟ್ಟರು. ಕಾಯಿಲೆ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮ ಶುರುಮಾಡಿದವುಗಳಲ್ಲಿ ಶೇ. 84 ಇನ್ಸುಲಿನ್‌ನಿಂದ ಬಿಡುಗಡೆಯಾದವು, ತಡಮಾಡಿದವುಗಳಲ್ಲಿ ಶೇ. 35. ಏರಿದ ಸಕ್ಕರೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿಗೆ ವಿಷವಾಗುತ್ತದೆ. ಬೇಗ ಇಳಿಸಿದರೆ ದಣಿದ ಕೋಶಗಳು ಚೇತರಿಸಿಕೊಳ್ಳುತ್ತವೆ, ತಡವಾದರೆ ಸತ್ತೇ ಹೋಗುತ್ತವೆ. ಆರಂಭದಲ್ಲಿ ಹನ್ನೆರಡು ಗಂಟೆಗೊಮ್ಮೆ ಸೂಜಿ ಎಂದಾಗ ಮನೆಯವರ ಮುಖ ಬಾಡುತ್ತದೆ. ಈಗಿನ ಈ ಶ್ರಮವೇ ಮುಂದೆ ಸೂಜಿ ಬಿಡಿಸಬಹುದು ಎಂದು ಗೊತ್ತಾದಾಗ ಒಪ್ಪಿಕೊಳ್ಳುತ್ತಾರೆ.

6. ಕಿವಿಯಂಚಿನ ಒಂದು ಹನಿ

ಮನೆಯಲ್ಲಿ ಶುಗರ್ ನೋಡುವುದನ್ನು ಕಲಿಸದೆ ನಾನು ಯಾರನ್ನೂ ಇನ್ಸುಲಿನ್ ಕೊಟ್ಟು ಕಳಿಸುವುದಿಲ್ಲ. ಕಿವಿಯ ಅಂಚಿನಗುಂಟ ಸಣ್ಣ ರಕ್ತನಾಳ ಹರಿಯುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ, ಹಿಂದೆ ಹತ್ತಿ ಹಿಡಿದು ಚುಚ್ಚಿದರೆ ಸಾಕಷ್ಟು ರಕ್ತ ಬರುತ್ತದೆ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು, ಮುಗಿದೊಡನೆ ಒಂದು ಚೂರು ಬೇಯಿಸಿದ ಕೋಳಿ. ಬೆಕ್ಕು ಬಹುಬೇಗ ಒಗ್ಗಿಕೊಳ್ಳುತ್ತದೆ. ಒಗ್ಗಲು ಹೆಚ್ಚು ಸಮಯ ಬೇಕಾಗುವುದು ಮನೆಯವರ ಕೈಗೆ.

ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಇರುವ ಮೀಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನುಷ್ಯರದ್ದನ್ನೇ ಬಳಸಿ, ಆದರೆ ಯಾವ ಮೀಟರ್ ಎಂದು ವೈದ್ಯರಿಗೆ ತಿಳಿಸಿ, ನಡುವೆ ಬದಲಾಯಿಸಬೇಡಿ. ಮನುಷ್ಯರ ತೋಳಿಗೆ ಅಂಟಿಸುವ ಹದಿನಾಲ್ಕು ದಿನದ ಸೆನ್ಸರನ್ನು ಬೆಕ್ಕಿನ ಹೆಗಲ ಬಳಿ ರೋಮ ಬೋಳಿಸಿ ಅಂಟಿಸುವುದೂ ಈಗ ರೂಢಿಗೆ ಬಂದಿದೆ. ಪೂರ್ತಿ ಅವಧಿ ನಿಲ್ಲುವುದು ಕಡಿಮೆ, ಆದರೂ ಮೊದಲ ದಿನಗಳಲ್ಲಿ ಶುಗರ್ ಎಷ್ಟು ಹೊತ್ತಿಗೆ ತಳ ಮುಟ್ಟುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

7. ಮಾತ್ರೆ ಎಲ್ಲ ಬೆಕ್ಕಿಗೂ ಅಲ್ಲ

"ಸೂಜಿ ಬೇಡ, ನಮ್ಮ ತಂದೆಯವರ ಹಾಗೆ ಮಾತ್ರೆ ಕೊಡಿ" ಎನ್ನುವುದು ಸಹಜ. ಮನುಷ್ಯರಿಗೆ ಕೊಡುವ ಮೆಟ್‌ಫಾರ್ಮಿನ್ ಬೆಕ್ಕಿಗೆ ಪ್ರಯೋಜನವಿಲ್ಲ. ಗ್ಲಿಪಿಜೈಡ್ ಕೆಲವಕ್ಕೆ ಮಾತ್ರ ತಾಗುತ್ತದೆ. ನಿಜವಾದ ಹೊಸ ದಾರಿ ತೆರೆದದ್ದು ಮೂತ್ರಪಿಂಡದ ಮೂಲಕ ಸಕ್ಕರೆಯನ್ನು ಹೊರಹಾಕುವ ಔಷಧಗಳಿಂದ. ಅಮೆರಿಕದ ಔಷಧ ನಿಯಂತ್ರಕರು 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಬೆಕ್ಕುಗಳಿಗೆಂದೇ ಅನುಮತಿ ಕೊಟ್ಟರು. ದಿನಕ್ಕೊಮ್ಮೆ ಬಾಯಿಗೆ ಹಾಕಿದರಾಯಿತು.

ಆದರೆ ಇವು ಹೊಸದಾಗಿ ಪತ್ತೆಯಾದ, ಚೆನ್ನಾಗಿ ತಿನ್ನುತ್ತಿರುವ, ಹಿಂದೆ ಇನ್ಸುಲಿನ್ ತೆಗೆದುಕೊಂಡಿರದ ಬೆಕ್ಕಿಗಷ್ಟೇ. ಮೈಯಲ್ಲಿ ಇನ್ಸುಲಿನ್ ತೀರಾ ಬತ್ತಿದ್ದರೆ, ರಕ್ತದ ಸಕ್ಕರೆ ಸರಿಯಾಗಿಯೇ ಕಾಣುತ್ತಿರುವಾಗಲೂ ಒಳಗೆ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಆಮ್ಲ ತುಂಬಿ ಬೆಕ್ಕು ಕುಸಿಯಬಹುದು. ಮೀಟರ್ ನೋಡಿ ನೆಮ್ಮದಿಯಾಗಿರುವವರಿಗೆ ಅಪಾಯದ ಸುಳಿವೇ ಸಿಗುವುದಿಲ್ಲ. ಮೊದಲ ವಾರಗಳಲ್ಲಿ ಕೀಟೋನ್ ಪರೀಕ್ಷೆ ಮಾಡಿಸಲಾಗದ ಮನೆಗೆ ನಾನು ಇದನ್ನು ಸೂಚಿಸುವುದಿಲ್ಲ. ಅದೇ ಗುಂಪಿನ ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಪ್ರಯೋಗವಂತೂ ಬೇಡ.

ಹಾಗಲಕಾಯಿ ರಸ, ಮೆಂತ್ಯದ ನೀರು, ಬೇವಿನ ಪುಡಿ? ಬೆಕ್ಕು ಕಹಿಗೆ ಹೇಸಿ ಊಟವನ್ನೇ ಬಿಡುತ್ತದೆ, ಹೊತ್ತೂ ಕಳೆಯುತ್ತದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬೇಡ.

8. ಶುಗರ್ ಇಳಿಯದಿದ್ದರೆ ಬೆಕ್ಕಿನ ಬಾಯಿ ತೆರೆದು ನೋಡಿ

ಪ್ರಮಾಣ ಏರಿಸುತ್ತ ಹೋಗುವ ಮೊದಲು ಕಾರಣ ಹುಡುಕಬೇಕು. ಹುಳುಕು ಹಲ್ಲು, ಕೀವುಗಟ್ಟಿದ ವಸಡು ಇನ್ಸುಲಿನ್‌ಗೆ ಅಡ್ಡಗಾಲು. ಯಾವ ಲಕ್ಷಣವನ್ನೂ ತೋರದ ಮೂತ್ರದ ಸೋಂಕೂ ಹಾಗೆಯೇ. ಕಲ್ಚರ್ ಮಾಡಿಸಿದರೇ ಗೊತ್ತಾಗುವುದು. ಹಲ್ಲು ಕೀಳಿಸಿದ ಮೇಲೆ ಇನ್ಸುಲಿನ್ ಅರ್ಧಕ್ಕಿಳಿದ ಬೆಕ್ಕುಗಳನ್ನು ನೋಡಿದ್ದೇನೆ. ಚರ್ಮದ ತುರಿಕೆಗೋ ಉಬ್ಬಸಕ್ಕೋ ಹಿಂದೆ ಹಾಕಿಸಿದ ದೀರ್ಘಕಾಲದ ಸ್ಟೀರಾಯ್ಡ್ ಸೂಜಿ ವಾರಗಟ್ಟಲೆ ಶುಗರ್ ಏರಿಸಿಡುತ್ತದೆ. ಹಳೆಯ ಚೀಟಿಗಳನ್ನೆಲ್ಲ ತನ್ನಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇಷ್ಟೆಲ್ಲ ಸರಿಯಿದ್ದೂ ಪ್ರಮಾಣ ಏರುತ್ತಲೇ ಇದ್ದು, ಬೆಕ್ಕಿನ ತೂಕವೂ ಏರುತ್ತ, ಮುಖ, ಪಂಜ ಅಗಲವಾಗುತ್ತಿದ್ದರೆ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಬೆಳವಣಿಗೆಯ ಹಾರ್ಮೋನು ಅತಿಯಾಗಿರಬಹುದು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಮಧುಮೇಹಿ ಬೆಕ್ಕುಗಳನ್ನು ಪರೀಕ್ಷಿಸಿದಾಗ ಸುಮಾರು ನಾಲ್ಕರಲ್ಲೊಂದು ಬೆಕ್ಕಿಗೆ ಈ ಸಂಶಯ ಬಂತು. ಎಲ್ಲರೂ ಅಪರೂಪ ಎಂದುಕೊಂಡಿದ್ದ ಕಾಯಿಲೆ ಅದು. ರಕ್ತದಲ್ಲಿ ಐಜಿಎಫ್-1 ಎಂಬ ಹಾರ್ಮೋನಿನ ಮಟ್ಟ ನೋಡಿದರೆ ಸುಳಿವು ಸಿಗುತ್ತದೆ.

ಮೂತ್ರಪಿಂಡ ಸೋಲುತ್ತಿರುವ ಮುದಿ ಬೆಕ್ಕಿನದು ಬೇರೆಯೇ ಕಷ್ಟ. ಶುಗರ್‌ಗೆ ಬೇಕಾದ ಪ್ರೋಟೀನ್ ಹೆಚ್ಚಿನ ಊಟದಲ್ಲಿ ಮೂತ್ರಪಿಂಡಕ್ಕೆ ಒಗ್ಗದ ರಂಜಕವೂ ಹೆಚ್ಚಿರುತ್ತದೆ. ಅಂಥಲ್ಲಿ ನಾನು ಮೂತ್ರಪಿಂಡದ ಕಡೆ ವಾಲುತ್ತೇನೆ, ಶುಗರನ್ನು ಇನ್ಸುಲಿನ್‌ಗೆ ಬಿಡುತ್ತೇನೆ.

9. ಎರಡು ತುರ್ತುಗಳು

ಒಂದು, ಶುಗರ್ ಕುಸಿಯುವುದು. ಬೆಕ್ಕು ತೂರಾಡುತ್ತದೆ, ಮಂಕಾಗಿ ನೋಡುತ್ತದೆ, ಕೊನೆಗೆ ಸೆಟೆದು ಫಿಟ್ಸ್ ಬರುತ್ತದೆ. ಮೀಟರಿನಲ್ಲಿ 60ಕ್ಕಿಂತ ಕೆಳಗಿದ್ದು ಬೆಕ್ಕು ಎಚ್ಚರವಾಗಿದ್ದರೆ ಕೂಡಲೇ ಊಟ ಕೊಡಿ, ವೈದ್ಯರಿಗೆ ಫೋನು ಮಾಡಿ. ತೂರಾಡುತ್ತಿದ್ದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿನಿಂದ ವಸಡಿಗೆ ಸವರಿ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನೊಂದು, ಊಟ ಬಿಟ್ಟು ವಾಂತಿ ಮಾಡುತ್ತ ಮೂಲೆ ಹಿಡಿಯುವುದು. ಅದು ಕೀಟೋನಿನ ಲಕ್ಷಣವಿರಬಹುದು. ಬೆಳಗಿನವರೆಗೆ ಕಾಯಬೇಡಿ.

ಸೂಜಿ ಹಾಕುವಾಗ ಬೆಕ್ಕು ಅಲುಗಾಡಿ ಔಷಧ ಒಳಗೆ ಹೋಯಿತೋ ರೋಮದ ಮೇಲೆ ಚೆಲ್ಲಿತೋ ಎಂಬ ಅನುಮಾನ ಬಂದರೆ ಮತ್ತೆ ಹಾಕಬೇಡಿ. ತಪ್ಪಿದ ಸೂಜಿಗೆ ಮುಂದಿನ ಸಲ ದುಪ್ಪಟ್ಟು ಕೊಡುವುದೂ ಬೇಡ. ಒಂದು ಹೊತ್ತು ಶುಗರ್ ಹೆಚ್ಚಾದರೆ ಬೆಕ್ಕು ಉಳಿಯುತ್ತದೆ, ವಿಪರೀತ ಕುಸಿದರೆ ಉಳಿಯದಿರಬಹುದು.

10. ಮನೆಯವರ ದಿನಚರಿಗೆ ಹೊಂದುವ ಚಿಕಿತ್ಸೆಯೇ ನಡೆಯುತ್ತದೆ

ಬೆಳಿಗ್ಗೆ ಏಳು, ಸಂಜೆ ಏಳು. ಇದು ನಡೆಯುತ್ತದೆಯೇ ಎಂದು ಮೊದಲ ದಿನವೇ ಕೇಳುತ್ತೇನೆ. ಶಿಫ್ಟಿನಲ್ಲಿ ದುಡಿಯುವವರು, ಒಂಟಿಯಾಗಿರುವ ಹಿರಿಯರು, ಕೈ ನಡುಗುವವರು, ಊರಿನ ಜಾತ್ರೆಗೆಂದು ವಾರ ಮನೆ ಬಿಡುವವರು, ಪ್ರತಿ ಮನೆಯ ಕಷ್ಟವೂ ಬೇರೆ. ಅರ್ಧ, ಒಂದು ಗಂಟೆ ಹಿಂದುಮುಂದಾದರೆ ತೊಂದರೆಯಿಲ್ಲ. ಫ್ರಿಜ್ಜಿನ ಬಾಗಿಲಿಗೊಂದು ಹಾಳೆ ಅಂಟಿಸಿ, ಸೂಜಿ ಹಾಕಿದವರು ಸಹಿ ಮಾಡಲಿ. ಅಮ್ಮ ಹಾಕಿದ್ದು ತಿಳಿಯದೆ ಮಗಳೂ ಹಾಕುವ ಅಪಾಯ ತಪ್ಪುತ್ತದೆ. ಪಕ್ಕದ ಮನೆಯವರೊಬ್ಬರಿಗೆ ಕಲಿಸಿಡಿ. ಕತ್ತಿನ ಹಿಂದಿನ ಸಡಿಲ ಚರ್ಮಕ್ಕಿಂತ ಪಕ್ಕೆಯ ಚರ್ಮದಡಿ ಹಾಕಿದರೆ ಔಷಧವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ, ಬೆಕ್ಕೂ ತಿನ್ನುತ್ತ ನಿಂತಿರುತ್ತದೆ.

ಖರ್ಚಿನ ಮಾತನ್ನೂ ಮುಚ್ಚಿಡುವುದಿಲ್ಲ. ಬಿಗಿ ಹತೋಟಿ ಸಾಧ್ಯವಾಗದ ಮನೆಯಲ್ಲಿ ಸರಿಯಾದ ಊಟ, ಎರಡು ಹೊತ್ತು ಮಿತವಾದ ಇನ್ಸುಲಿನ್, ವಾರಕ್ಕೊಂದು ತೂಕ, ಇಷ್ಟರಲ್ಲೇ ವರ್ಷಗಟ್ಟಲೆ ಚೆನ್ನಾಗಿ ಬದುಕಿದ ಬೆಕ್ಕುಗಳಿವೆ. ಎಲ್ಲವನ್ನೂ ಮಾಡಲಾಗದು ಎಂದು ಏನನ್ನೂ ಮಾಡದೆ ಉಳಿಯಬೇಡಿ.

11. ಸೂಜಿ ನಿಂತ ಮೇಲೆ

ಪ್ರಮಾಣ ಇಳಿಸುತ್ತ ಇಳಿಸುತ್ತ ಅರ್ಧ ಯೂನಿಟ್‌ಗೆ ಬಂದು, ಆಮೇಲೂ ಶುಗರ್ ಸಮವಾಗಿ ನಿಂತು, ಎರಡು ವಾರ ಸೂಜಿಯಿಲ್ಲದೆ ಬೆಕ್ಕು ಚೆನ್ನಾಗಿದ್ದರೆ ಅದನ್ನು ವಿರಾಮ ಎನ್ನುತ್ತೇನೆ, ವಾಸಿ ಎನ್ನುವುದಿಲ್ಲ. ಬೀಟಾ ಕೋಶಗಳು ಮೊದಲಿನಷ್ಟು ಉಳಿದಿರುವುದಿಲ್ಲ, ಒಂದು ಪಾಲು ಬೆಕ್ಕುಗಳಿಗೆ ಕಾಯಿಲೆ ಮರುಕಳಿಸುತ್ತದೆ. ಹಾಗಾಗಿ ಊಟ ಮಾತ್ರ ಬದಲಾಗಬಾರದು. ಒಣ ಆಹಾರದ ಚೀಲ ಮನೆಗೆ ಬಾರದಿರಲಿ, ಹಬ್ಬಕ್ಕೆ ಬಂದ ನೆಂಟರು ಪಾಯಸ ನೆಕ್ಕಿಸದಿರಲಿ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೆರಡು ಸಲ ಕಿವಿಯ ಹನಿ ನೋಡುತ್ತಿರಿ. ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ, ಅವರು ಸೂಜಿ ತುಂಬುವ ಮೊದಲೇ "ಇದಕ್ಕೆ ಶುಗರ್ ಇತ್ತು, ಸ್ಟೀರಾಯ್ಡ್ ಬೇಡ" ಎಂದು ಹೇಳಿ, ಬೆಕ್ಕಿನ ಫೈಲಿನ ಮೊದಲ ಪುಟದಲ್ಲೂ ಕೆಂಪಕ್ಷರದಲ್ಲಿ ಬರೆಸಿಡಿ.